ಮೂಲೆಯ ಅರೆ ಹೂವು

ಮದುವೆಗೆ ಇನ್ನು ಮೂರೇ ದಿನ ಅನ್ನುವಾಗ ಮುಕದ್ದಸಳಿಗೆ ಬೇಕಾಗಿದ್ದದ್ದು ಇಷ್ಟೇ: ಯಾರಾದರೂ ತನ್ನನ್ನು ಒಂದು ಮೂಲೆಯಲ್ಲಿ ಮಲಗಿಸಬೇಕು, ಎಲ್ಲಾ ಮುಗಿದ ಮೇಲೆ ಎಬ್ಬಿಸಿ 'ನಿನ್ನ ಮಗಳ ಮದುವೆ ಚೆನ್ನಾಗಾಯ್ತು ಕಣೇ' ಅಂತ ಹೇಳಿಬಿಡಬೇಕು. ಐವತ್ತನಾಲ್ಕು ವರ್ಷದ ಹೆಂಗಸು. ಮೂವತ್ತೊಂದು ವರ್ಷದಿಂದ ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಕೂತು, ಎಂದೋ ಸತ್ತುಹೋದವರು ಹೊಲಿದ ಬಟ್ಟೆಗಳ ಹರುಕು ಮುರುಕು ಸರಿ ಮಾಡಿ ಮಾಡಿ ಕಣ್ಣು ಮಂಜಾಗಿತ್ತು. ಕುತ್ತಿಗೆ ಬಲಕ್ಕೆ ತಿರುಗಿದರೆ ಎಡಕ್ಕೆ ಬರುತ್ತಿರಲಿಲ್ಲ. ಅದರ ಮೇಲೆ ಈ ಮದುವೆ. ಅದೂ ಆ ಮ್ಯೂಸಿಯಮ್ಮಿನಲ್ಲೇ.

ಸಮರ್ಕಂದದಲ್ಲಿ ಮದುವೆ ಹಾಲ್‌ಗಳಿಗೇನು ಬರವೇ? ಬೀದಿಗೆರಡಿವೆ. ಒಳಗೆ ಕಾಲಿಟ್ಟರೆ ಕಣ್ಣು ಕುಕ್ಕುವ ದೀಪ, ಎದೆ ನಡುಗಿಸುವ ಹಾಡು, ಯಾರ ಮದುವೆ ಅಂತ ಗೊತ್ತಿಲ್ಲದೆ ಊಟಕ್ಕೆ ಬಂದ ನಾನೂರು ಜನ. ಉಳಿದವರೆಲ್ಲ ಅಲ್ಲೇ ಮದುವೆ ಮಾಡಿಕೊಂಡು ಬದುಕಿಲ್ಲವೇ? ಮಗಳು ಶಹ್ಲೋಳದು ಮಾತ್ರ ಒಂದೇ ಹಠ. "ನಾನು ಬೆಳೆದದ್ದೆಲ್ಲಿ ಹೇಳು. ಸ್ಕೂಲು ಬಿಟ್ಟ ಮೇಲೆ ನಿನ್ನ ಕೆಲಸ ಮುಗಿಯೋ ತನಕ ಮೂರನೇ ಕೋಣೆ ನೆಲದ ಮೇಲೆ ಬೋರಲು ಮಲ್ಕೊಂಡು ಹೋಂವರ್ಕ್ ಬರೆದೋಳು ನಾನು. ಗುರುತಿಲ್ಲದ ಹಾಲಲ್ಲಿ, ಗುರುತಿಲ್ಲದೋರ ಮುಂದೆ ಯಾಕೆ ತಲೆ ತಗ್ಗಿಸಿ ನಿಂತ್ಕೊಳ್ಳಲಿ?" ಅಂದಿದ್ದಳು. ಇಪ್ಪತ್ತೊಂಬತ್ತು ತುಂಬಿದ ಹುಡುಗಿ, ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುವವಳು. ಅವಳನ್ನು ಗದರಿಸಿ ಕೂರಿಸುವ ಕಾಲ ಯಾವತ್ತೋ ದಾಟಿತ್ತು.

ನೆಂಟರು ಬಿಡುತ್ತಾರೆಯೇ? ಫೋನಿನ ಮೇಲೆ ಫೋನು. ಚಿಕ್ಕಪ್ಪನ ಮಗಳೊಬ್ಬಳು, "ಅರವತ್ತೇ ಜನವೇನೇ? ನಮ್ಮ ಬೀದೀಲಿ ಸಾವಿನ ಮನೆಗೂ ಇದಕ್ಕಿಂತ ಜಾಸ್ತಿ ಬರ್ತಾರಲ್ಲೇ," ಅಂದಳು. ಇನ್ನೊಬ್ಬಳು, "ಮದುಮಗಳನ್ನ ಗಾಜಿನ ಪೆಟ್ಟಿಗೇಲಿ ಕೂರಿಸಿ ಟಿಕೆಟ್ ಹರೀತೀರಾ ಹೇಗೆ?" ಅಂತ ಕೇಳಿ ತಾನೇ ನಕ್ಕಳು. ಮುಕದ್ದಸ್ ಎಲ್ಲದಕ್ಕೂ ಹೂಂಗುಟ್ಟಿದಳು. ಜಗಳಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಗಂಡು ಜಫರ್, ಕರೆಂಟಿನ ಕೆಲಸದವನು. ಎರಡು ವರ್ಷದ ಹಿಂದೆ ಮ್ಯೂಸಿಯಮ್ಮಿನ ಮೂರನೇ ಕೋಣೆಯ ದೀಪ ಬದಲಾಯಿಸಲು ಏಣಿ ಹೊತ್ತು ಬಂದಿದ್ದ. ಅಮ್ಮನಿಗೆ ಊಟದ ಡಬ್ಬಿ ತಂದಿದ್ದ ಶಹ್ಲೋ ಆ ಏಣಿ ಹಿಡಿದುಕೊಂಡಳು. ಅಲ್ಲಿಂದ ಶುರುವಾಯಿತು. ತಂದೆ ತಾಯಿ ಇಲ್ಲದ ಹುಡುಗ. ಉರ್ಗುತ್ ಊರಿನಲ್ಲಿದ್ದ ಅವನ ಉಲ್ಮಸ್ ಅಜ್ಜಿ ಕಸೂತಿ ಹಾಕಿ ಮಾರಿ ಸಾಕಿದ್ದಳು. ಒಳ್ಳೆಯವನು, ಮಾತು ಕಮ್ಮಿ. ಮುಕದ್ದಸಳಿಗೆ ಅವನ ಬಗ್ಗೆ ಯಾವ ತಕರಾರೂ ಇರಲಿಲ್ಲ.

ತಕರಾರು ಇದ್ದದ್ದು ಆ ಮೂರನೇ ಕೋಣೆಯ ಗಾಜಿನ ಹಿಂದೆ ತೂಗುತ್ತಿದ್ದ ಸುಜನಿಯದು. ಎರಡಾಳು ಅಗಲದ ಹತ್ತಿಬಟ್ಟೆಯ ಮೇಲೆ ದಾಳಿಂಬೆ ಬಣ್ಣದ ರೇಷ್ಮೆ ಹೂವುಗಳು, ಸುತ್ತ ಹಸಿರು ಬಳ್ಳಿ. ಮದುವೆಯ ದಿನ ನಾಲ್ಕು ಹೆಂಗಸರು ನಾಲ್ಕು ಮೂಲೆ ಹಿಡಿದು ಹೆಣ್ಣು ಗಂಡಿನ ತಲೆಯ ಮೇಲೆ ಎತ್ತುವ ಬಟ್ಟೆ ಅದು. ಮುಕದ್ದಸಳ ಅಜ್ಜಿಗೆ ಆ ಅಜ್ಜಿಯ ತಾಯಿ ಹೋಜರ್ ಹೊಲಿದುಕೊಟ್ಟದ್ದು. ಹೊಲಿಯುವವಳು ಅಂಥ ಬಟ್ಟೆಯನ್ನು ಪೂರ್ತಿ ಮಾಡುವುದಿಲ್ಲ. ಒಂದು ಮೂಲೆಯಲ್ಲಿ ಒಂದು ಹೂವನ್ನು ಮಸಿಯಲ್ಲಿ ಬರೆದು ಹಾಗೇ ಬಿಡುತ್ತಾಳೆ. ಬಟ್ಟೆ ಮುಗಿದರೆ ಆ ಮನೆಯ ಹೆಣ್ಣುಮಕ್ಕಳ ಮದುವೆಯೂ ಮುಗಿದ ಹಾಗೆ ಅನ್ನುವ ಭಯ. ಇವರ ಮನೆಯಲ್ಲಿ ಇನ್ನೂ ಒಂದು ಪದ್ಧತಿ ಇತ್ತು: ಬಟ್ಟೆ ಎತ್ತುವ ಮುಂಚೆ ಮದುಮಗಳು ಆ ಖಾಲಿ ಹೂವಿನಲ್ಲಿ ಒಂದೇ ಒಂದು ಗೆರೆ ಹೊಲಿದು ಮುಂದಿನವಳಿಗೆ ಜಾಗ ಬಿಡಬೇಕು. ಮುಕದ್ದಸಳ ಅಜ್ಜಿ ಹಳದಿ ನೂಲಿನಲ್ಲಿ ಹೊಲಿದಿದ್ದಳು, ಅಮ್ಮ ನೀಲಿಯಲ್ಲಿ. ಶಹ್ಲೋ ಇದನ್ನೆಲ್ಲ ತನ್ನ ಅಜ್ಜಿಯ, ಅಂದರೆ ಮುಕದ್ದಸಳ ಅಮ್ಮನ, ತೊಡೆಯ ಮೇಲೆ ಮಲಗಿ ಕೇಳಿ ಬೆಳೆದವಳು. ತನ್ನ ಗೆರೆಗೆ ಕೆಂಪು ನೂಲು ಅಂತ ಹತ್ತನೇ ವಯಸ್ಸಿಗೇ ತೀರ್ಮಾನ ಮಾಡಿಕೊಂಡಿದ್ದಳು.

ಆ ಬೆಳಿಗ್ಗೆ ಡೈರೆಕ್ಟರ್ ನೇಮತ್ ಮುಕದ್ದಸಳನ್ನು ಕರೆಸಿದ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಒಡಹುಟ್ಟಿದ ಅಕ್ಕನನ್ನು ಕರೆಯುವ ಹಾಗೆ ಓಪಾ ಅಂತಲೇ ಕರೆಯುತ್ತಿದ್ದ. ಚಹಾ ಬಗ್ಗಿಸಿ ಅವಳ ಮುಂದಿಟ್ಟು, ಪಕ್ಕಕ್ಕೊಂದು ಕಾಗದ ಸರಿಸಿದ.

"ನಲವತ್ತು ನಿಮಿಷ, ಓಪಾ. ಗಾಜಿನಿಂದ ಆಚೆಗೆ ನಲವತ್ತೇ ನಿಮಿಷ. ಮೇಲಿನೋರಿಗೆ ಆರು ಸಲ ಬರೆದು ತರಿಸಿದ್ದೀನಿ ಈ ಅನುಮತಿ. ಬಿಸಿಲು ಬೀಳಕೂಡದು. ಹಿಡಿಯೋರಿಗೆ ಕೈಗವಸು. ಹತ್ತಿರ ಚಹಾ, ಎಣ್ಣೆ ಕೈ ಏನೂ ಬರಕೂಡದು."

"ಆಯ್ತು ನೇಮತ್‌ಜಾನ್."

"ಇನ್ನೊಂದು." ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. "ಶಹ್ಲೋ ನನ್ನ ಹತ್ರ ಬಂದಿದ್ಲು. ಒಂದು ಹೊಲಿಗೆ ಹಾಕ್ಬೇಕಂತೆ. ಅದು ಮಾತ್ರ ಆಗಲ್ಲ. ಸೂಜಿಯಾಗಲಿ ಕತ್ತರಿಯಾಗಲಿ ಆ ಬಟ್ಟೆಗೆ ಸೋಕೋ ಹಾಗಿಲ್ಲ. ಸೋಕಿದ್ರೆ ನಿಮ್ಮ ಕೆಲಸ ಹೋಗುತ್ತೆ, ನನಗೂ ಕುತ್ತು. ನಿವೃತ್ತಿಗೆ ಐದೇ ತಿಂಗಳಿದೆ ನಿಮಗೆ. ಬೇಜಾರು ಮಾಡ್ಕೋಬೇಡಿ."

ಮುಕದ್ದಸ್ ಸಹಿ ಹಾಕಿದಳು. ಬೇಜಾರಾಗಲಿಲ್ಲ. ನಿಜ ಹೇಳಬೇಕೆಂದರೆ ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಾಯಿತು. ಮಗಳ ಹತ್ತೊಂಬತ್ತು ವರ್ಷದ ಆಸೆಗೆ ಮಣ್ಣು ಬಿದ್ದಿದೆ, ಹೆತ್ತವಳಿಗೆ ನಿರಾಳ. ಇದೆಂಥಾ ತಾಯಿ ನಾನು ಅಂತ ತನಗೇ ಹೇಸಿಗೆಯಾಯಿತು. ಆದರೂ ನಿರಾಳ ನಿರಾಳವೇ.

ಯಾಕೆಂದರೆ ಆ ಖಾಲಿ ಹೂವು ಈಗ ಇರಲಿಲ್ಲ. ಅದನ್ನು ಮುಚ್ಚಿದ್ದವಳು ಮುಕದ್ದಸಳೇ.

ಹಳೇ ದೇಶ ಮುರಿದುಬಿದ್ದ ಚಳಿಗಾಲದಲ್ಲಿ ಅವಳ ಅಮ್ಮ ಎರಡು ಮೂಟೆ ಹಿಟ್ಟಿಗೆ ಸುಜನಿಯನ್ನು ಮ್ಯೂಸಿಯಮ್ಮಿಗೆ ಕೊಟ್ಟಿದ್ದಳು. ಬಟ್ಟೆಯ ಹಿಂದೆಯೇ ಹೋದ ಹಾಗೆ ಮುಕದ್ದಸ್ ಮುಂದಿನ ವಸಂತದಲ್ಲಿ ಅಲ್ಲೇ ಕೆಲಸಕ್ಕೆ ಸೇರಿದಳು. ಅದೇ ವರ್ಷ ಅವಳ ಮದುವೆಯಾಯಿತು. ಸರ್ಕಾರಿ ಕಚೇರಿಯಲ್ಲಿ ಒಂದು ರುಜು, ತಲೆಯ ಮೇಲೆ ಸೋರುವ ಸೂರು, ಸುಜನಿಯೂ ಇಲ್ಲ ಗೆರೆಯೂ ಇಲ್ಲ. ಮರುವರ್ಷ ಬೇಸಿಗೆಯಲ್ಲಿ ರಾಜಧಾನಿಯಿಂದ ತಪಾಸಣೆಯವರು ಬರುತ್ತಾರೆ ಅಂತ ಸುದ್ದಿ. ಆಗಿನ ಮೇಲಿನವಳು ಸುಜನಿಯ ಮೂಲೆಗೆ ಕಡ್ಡಿ ಚುಚ್ಚಿ, "ಇದೇನಿದು, ಇಷ್ಟು ದೊಡ್ಡ ಜಾಗ ಕಿತ್ತುಹೋಗಿದೆ, ತುಂಬಿಸು," ಅಂದಳು. ಕಿತ್ತುಹೋಗಿಲ್ಲ, ಬಿಟ್ಟಿರೋದು ಅಂತ ಹೇಳಬೇಕಿತ್ತು. ಹೊಸ ಕೆಲಸ, ಹೊಟ್ಟೆಯಲ್ಲಿ ಐದು ತಿಂಗಳ ಕೂಸು, ಮನೆಯಲ್ಲಿ ಖಾಲಿ ಡಬ್ಬಿಗಳು. ಹೇಳಲಿಲ್ಲ. ಹನ್ನೊಂದು ದಿನ ಕೂತು ಹೊಲಿದಳು. ಅಜ್ಜಿಯ ಹಳದಿ, ಅಮ್ಮನ ನೀಲಿ ಗೆರೆಗಳನ್ನು ಕೀಳಲು ಕೈ ಬರದೆ ಅವುಗಳ ಮೇಲೆಯೇ ಹೊಲಿದಳು. ಎಷ್ಟು ಚೆನ್ನಾಗಿ ಹೊಲಿದಳೆಂದರೆ ತಪಾಸಣೆಯವರಿಗೆ ಯಾವುದು ಹಳೇದು ಯಾವುದು ಹೊಸದು ಅಂತ ಗೊತ್ತೇ ಆಗಲಿಲ್ಲ. ಬೆನ್ನು ತಟ್ಟಿ ಹೋದರು.

ಅಮ್ಮ ಮುಂದೆ ಕೂಸನ್ನು ಎತ್ತಿಕೊಂಡು ಒಮ್ಮೆ ನೋಡಲು ಬಂದಿದ್ದಳು. ಗಾಜಿನ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಏನೂ ಅನ್ನಲಿಲ್ಲ. ಆಗಲೇ ಕಣ್ಣಿಗೆ ಪೊರೆ ಬಂದಿತ್ತು, ಕಾಣಿಸಿತೋ ಇಲ್ಲವೋ, ಕೇಳುವ ಧೈರ್ಯ ಮುಕದ್ದಸಳಿಗೆ ಕೊನೆತನಕ ಬರಲಿಲ್ಲ. ಶಹ್ಲೋ ಎಂಟು ವರ್ಷದವಳಾಗಿ ಗಾಜಿಗೆ ಮೂಗು ಒತ್ತಿ "ಖಾಲಿ ಹೂವು ಎಲ್ಲಮ್ಮ?" ಅಂತ ಕೇಳಿದಾಗ, "ಅಂಚನ್ನ ಹಿಂದಕ್ಕೆ ಮಡಚಿದ್ದಾರೆ, ಅಲ್ಲಿದೆ," ಅಂದುಬಿಟ್ಟಳು. ಆ ಒಂದು ಸುಳ್ಳಿಗೆ ಇಪ್ಪತ್ತೊಂದು ವರ್ಷದಿಂದ ಕಾವಲು ಕೂತಿದ್ದಳು.

ನಡುವೆ ಗಂಡ ರಷ್ಯಾಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಶಹ್ಲೋಳಿಗೆ ಇಪ್ಪತ್ತೆರಡಕ್ಕೆ ಗೊತ್ತಾದ ಸಂಬಂಧ, ಎರಡೂ ಮನೆಯವರು ಕೂತು ನಿಶ್ಚಯದ ರೊಟ್ಟಿ ಮುರಿದ ಮೇಲೂ, ಮುರಿದುಬಿತ್ತು. ಓದಿದ ಹೆಂಗಸು ಮುಕದ್ದಸ್. ನೂಲಿಗೂ ಗಂಡ ಓಡಿಹೋಗುವುದಕ್ಕೂ ಏನು ಸಂಬಂಧ ಅಂತ ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದಳು. ತಲೆ ಕೇಳುತ್ತಿತ್ತು, ಹೊಟ್ಟೆ ಕೇಳುತ್ತಿರಲಿಲ್ಲ.

ಸಂಜೆ ಮಗಳಿಗೆ ಕಾಗದದ ವಿಷಯ ಹೇಳಿದಳು. ಶಹ್ಲೋ ಮದುವೆಯ ಮಖಮಲ್ ಅಂಗಿಯ ತೋಳು ಹಿಡಿಸುತ್ತಿದ್ದವಳು ಸೂಜಿ ಪಕ್ಕಕ್ಕಿಟ್ಟಳು.

"ನೀನು ಏನಂದೆ?"

"ಏನನ್ನಲಿ? ಸಹಿ ಹಾಕಿದೆ. ನಿಯಮ ಅಂದ್ರೆ ನಿಯಮ."

"ಒಂದು ಮಾತು ಕೇಳ್ಬಹುದಿತ್ತು, ಅಮ್ಮ. ಮೂವತ್ತೊಂದು ವರ್ಷ ದುಡಿದಿದ್ದೀಯ ಅವರಿಗೆ. ನನ್ನ ಮಗಳು ಒಂದು ಗೆರೆ ಹೊಲೀತಾಳೆ ಅಂತ ಒಂದೇ ಒಂದು ಮಾತು."

"ಕೇಳಿದ್ರೂ ಬಿಡ್ತಿರಲಿಲ್ಲ."

"ಕೇಳಲಿಲ್ಲವಲ್ಲ ನೀನು. ನಾನು ಹುಟ್ಟೋ ಮುಂಚೆನೇ ನೀನು ಮ್ಯೂಸಿಯಮ್ಮಿನೋಳು ಆಗಿಬಿಟ್ಟಿದ್ದೆ, ಬಿಡು." ಇದನ್ನವಳು ಸಿಟ್ಟಿನಲ್ಲಿ ಹೇಳಲಿಲ್ಲ, ಅದೇ ಮುಕದ್ದಸಳಿಗೆ ಹೆಚ್ಚು ನಾಟಿತು. ಶಹ್ಲೋ ಮತ್ತೆ ಸೂಜಿ ಎತ್ತಿಕೊಂಡಳು. "ಸರಿ, ಹೊಲಿಯಲ್ಲ. ಬೆರಳಿಟ್ಟು ನೋಡ್ತೀನಿ. ಮುತ್ತಜ್ಜಿ ಹಳದಿ, ಅಜ್ಜಿ ನೀಲಿ, ಅದರ ಪಕ್ಕ ಖಾಲಿ ಜಾಗದ ಮೇಲೆ ಬೆರಳಿಡ್ತೀನಿ. ಅಷ್ಟೇ ಸಾಕು. ಮಡಚಿದ್ದನ್ನ ಬಿಚ್ಚಿ ತೋರಿಸ್ತೀಯ ತಾನೇ?"

"ನೋಡೋಣ," ಅಂದಳು ಮುಕದ್ದಸ್. ಬೆಳಿಗ್ಗೆ ಇಳಿದಿದ್ದ ಚಪ್ಪಡಿ ವಾಪಸ್ಸು ಬಂದು ಕೂತಿತು. ಎದ್ದು ಹೋಗಿ ಒಲೆಯ ಮೇಲೆ ಸುಮ್ಮನೆ ನೀರಿಟ್ಟಳು. ಯಾರಿಗೂ ಚಹಾ ಬೇಕಾಗಿರಲಿಲ್ಲ.

ಮದುವೆಯ ದಿನ ಅಕ್ಟೋಬರಿನ ಎಳೆ ಬಿಸಿಲು. ನಸುಕಿಗೇ ಹಿಂದಿನ ಓಣಿಯಲ್ಲಿ ಗಂಡಸರು ಪಲಾವಿನ ಹಂಡೆ ಏರಿಸಿದ್ದರು. ಮ್ಯೂಸಿಯಂ ಒಳಗೆ ಹೊಗೆ ಬರಬಾರದು ಅಂತ ನೇಮತ್ ಹತ್ತು ಸಲ ಹೋಗಿ ನೋಡಿ ಬಂದ. ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಜಮಖಾನ ಹಾಸಿದ್ದರು. ಶಹ್ಲೋ ಅಲಂಕಾರ ಮಾಡಿಕೊಂಡದ್ದು ಅಮ್ಮನ ಕೆಲಸದ ಕೋಣೆಯಲ್ಲಿ, ಅವಳ ಅಳತೆ ಪಟ್ಟಿ ಅಂಟಿನ ಡಬ್ಬಿಗಳ ನಡುವೆ. ಹೊರಗೆ ಬಂದವಳು ಮೊದಲು ಹೋದದ್ದು ಕೋಣೆ ಕಾಯುವ ಮೂವರು ಮುದುಕಿಯರ ಬಳಿಗೆ. ಅತ್ತೆ ಮನೆಯ ಹಿರಿಯರಿಗೆ ಸೊಸೆ ಮಾಡುವ ವಂದನೆಯನ್ನು ಅವಳು ಒಬ್ಬೊಬ್ಬರಿಗೂ ಎದೆಯ ಮೇಲೆ ಕೈಯಿಟ್ಟು, ಸೊಂಟ ಬಗ್ಗಿಸಿ ಮಾಡಿದಳು. ಚಿಕ್ಕಂದಿನಲ್ಲಿ ಅವಳಿಗೆ ಚಹಾದಲ್ಲಿ ರೊಟ್ಟಿ ಅದ್ದಿ ತಿನ್ನಿಸಿದವರು ಅವರು. ಒಬ್ಬಳು, "ಈ ಹುಡುಗಿ ನನ್ನ ಕುರ್ಚಿ ಕೆಳಗೆ ಉಚ್ಚೆ ಹೊಯ್ದಿದ್ದು ನಿನ್ನೆ ಮೊನ್ನೆ ಅನ್ನೋ ಹಾಗಿದೆ," ಅನ್ನುತ್ತಾ ಕಣ್ಣೊರೆಸಿಕೊಂಡಳು. ಅರವತ್ತು ಜನವೂ ನಕ್ಕರು. ಮೂಗು ಮುರಿದಿದ್ದ ಚಿಕ್ಕಪ್ಪನ ಮಗಳೂ ನಕ್ಕಳು.

ಇಮಾಮರು ನಿಕಾಹ್ ಓದಿಸಿದ್ದಾಯಿತು. ಇನ್ನು ಸುಜನಿ. ಮುಕದ್ದಸಳೇ ಗಾಜು ತೆಗೆದು, ಉರುಳೆಗೆ ಸುತ್ತಿ, ಹಸುಗೂಸನ್ನು ಎತ್ತಿ ತರುವ ಹಾಗೆ ಪಡಸಾಲೆಯ ನೆರಳಿಗೆ ತಂದು ಬಿಳಿ ಹಾಸಿನ ಮೇಲೆ ಬಿಡಿಸಿದಳು. ನಾಲ್ಕು ಹೆಂಗಸರಿಗೆ ನೇಮತ್ ಕೈಗವಸು ಹಂಚಿದ.

ಅವರಲ್ಲಿ ಹಿರಿಯಳು ಉಲ್ಮಸ್ ಅಜ್ಜಿ. ಎಂಬತ್ತೆರಡು ವರ್ಷ, ಮೂರು ಮೊಳಕ್ಕೆ ಹೆಚ್ಚಿಲ್ಲದ ಎತ್ತರ, ಬಾಯಿ ತುಂಬ ಚಿನ್ನದ ಹಲ್ಲು. ಕೈಗವಸನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇದೇನಪ್ಪ, ಹೆರಿಗೆ ಮಾಡ್ಸೋಕೆ ಕರ್ಸಿದ್ದೀರೇನು ನನ್ನ?" ಅಂದಳು. ನೇಮತ್ ಅತ್ತ ತಿರುಗಿದ್ದೇ ತಡ, ಒಂದು ಕೈಯದನ್ನು ಕಿತ್ತು ಅಂಗಿಯ ತೋಳೊಳಗೆ ತುರುಕಿ, ಬರಿಗೈಯಲ್ಲಿ ಬಟ್ಟೆಯ ಮೇಲೆ ಸವರತೊಡಗಿದಳು. ಮೊದಲ ಮೂಲೆ, ಎರಡನೆಯದು, ಮೂರನೆಯದು. ಎಡಗಡೆಯ ಕೆಳಮೂಲೆಗೆ ಬಂದಾಗ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು.

ಮುಕದ್ದಸ್ ಅವಳ ಪಕ್ಕದಲ್ಲೇ ಮಂಡಿಯೂರಿದ್ದಳು.

ಅಜ್ಜಿ ದನಿ ತಗ್ಗಿಸಿ, "ಇಲ್ಲಿ ಕೈ ಬದಲಾಗಿದೆ," ಅಂದಳು. "ಮಿಕ್ಕ ಹೂವೆಲ್ಲ ಆ ತಾಯಿ ನಗ್ತಾ ಹೊಲಿದಿದ್ದಾಳೆ. ಇದೊಂದು ಹಲ್ಲು ಕಚ್ಚಿ ಹೊಲಿದಿದ್ದು. ನಿನ್ನ ಕೈಯಾ?"

"ಹೂಂ."

"ಯಾರಿಗೆ ಗೊತ್ತು?"

"ಯಾರಿಗೂ ಗೊತ್ತಿಲ್ಲ."

"ಹುಡುಗಿಗೆ?"

ಮುಕದ್ದಸ್ ಇಲ್ಲವೆಂದು ತಲೆಯಾಡಿಸಿದಳು.

ಅಜ್ಜಿ ತೋಳೊಳಗಿಂದ ಕೈಗವಸು ತೆಗೆದು ಮತ್ತೆ ಹಾಕಿಕೊಂಡಳು. "ನನ್ನಿಂದ ಈ ಮಾತು ಆಚೆಗೆ ಹೋಗಲ್ಲ. ಎಂಬತ್ತೆರಡು ವರ್ಷದಲ್ಲಿ ಎಷ್ಟೋ ನುಂಗಿದ್ದೀನಿ, ಇದೇನು ಮಹಾ. ಎತ್ತಿ ಹಿಡಿಯೋಣ, ಮಕ್ಕಳು ಕೆಳಗೆ ನಿಲ್ಲಲಿ, ಮುಗಿಸೋಣ. ನಿನ್ನ ಮುಖ ನೋಡಿದ್ರೆ ಹತ್ತು ದಿನದಿಂದ ನಿದ್ದೆ ಮಾಡಿದ ಹಾಗಿಲ್ಲ."

ಮುಗಿಸಬಹುದಿತ್ತು. ಬಾಗಿಲು ತೆರೆದೇ ಇತ್ತು, ಹೆಜ್ಜೆ ಇಟ್ಟು ಆಚೆ ಹೋದರಾಗಿತ್ತು. ಅಷ್ಟರಲ್ಲಿ ಶಹ್ಲೋ ಬಂದಳು. ಜರಿಯ ಭಾರದ ಅಂಗಿಯಲ್ಲಿ ಕಷ್ಟಪಟ್ಟು ಮಂಡಿಯೂರಿ, ಕೈಗವಸು ಹಾಕಿದ ಬೆರಳಿನಿಂದ ಅಂಚು ಎತ್ತಿದಳು. ಹಿಂದೆ ನೋಡಿದಳು. ಮುಂದೆ ನೋಡಿದಳು.

"ಅಮ್ಮ, ಈ ಮೂಲೆ ತಾನೇ? ಮಡಚಿಯೇ ಇಲ್ವಲ್ಲ. ಎಲ್ಲಿ ಖಾಲಿ ಹೂವು?"

ಮುಕದ್ದಸಳ ನಾಲಿಗೆಯ ತುದಿಗೆ ಸುಳ್ಳುಗಳು ಸಾಲಾಗಿ ಬಂದು ನಿಂತವು. ಇಲಿ ತಿಂದಿತ್ತು, ಕತ್ತರಿಸಿ ತೆಗೆದರು. ಅದು ಇನ್ನೊಂದು ಸುಜನಿಯಲ್ಲಿತ್ತು, ಅಜ್ಜಿಗೆ ಮರೆವು. ಯಾವುದನ್ನು ಹೇಳಿದ್ದರೂ ಶಹ್ಲೋ ನಂಬುತ್ತಿದ್ದಳು, ಮದುವೆಯ ದಿನ ಯಾರು ತಾಯಿಯ ಮಾತು ಅನುಮಾನಿಸುತ್ತಾರೆ? ಆದರೆ ಸುಳ್ಳು ಹೇಳಿದ ಮೇಲೆ ಅದನ್ನು ಸಾಯೋತನಕ ಸಾಕಬೇಕು. ಮುಕದ್ದಸಳಿಗೆ ಸಾಕಾಗಿತ್ತು. ಧೈರ್ಯ ಬಂತು ಅಂತಲ್ಲ. ಇನ್ನು ಕೈಲಾಗುವುದಿಲ್ಲ ಅನ್ನಿಸಿತು, ಅಷ್ಟೇ.

"ಇಲ್ಲ ಮಗಳೇ. ನಾನೇ ಹೊಲಿದು ಮುಚ್ಚಿಬಿಟ್ಟೆ. ಆಗ ನೀನು ಹೊಟ್ಟೇಲಿದ್ದೆ. ತುಂಬಿಸು ಅಂದ್ರು, ಇಲ್ಲ ಅನ್ನೋಕೆ ಹೆದರಿಕೆಯಾಯ್ತು. ಮಡಚಿದೆ ಅಂದಿದ್ದು ಸುಳ್ಳು."

ಶಹ್ಲೋ ಕೂಗಾಡಲಿಲ್ಲ. "ಯಾವುದು?" ಅಂತ ಮಾತ್ರ ಕೇಳಿದಳು. ಮುಕದ್ದಸ್ ತೋರಿಸಿದಳು. ಮಗಳು ಆ ಹೂವನ್ನು ತುಂಬಾ ಹೊತ್ತು ನೋಡಿದಳು.

"ಚೆನ್ನಾಗಿ ಹೊಲಿದಿದ್ದೀಯ," ಅಂದಳು.

ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಮುಕದ್ದಸ್ ಬಿಳಿ ಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಕೈ ತಾನಾಗಿ ಜೇಬಿಗೆ ಹೋಯಿತು. ಮಗಳ ಮದುವೆಗೂ ಆ ಮಡಚುವ ಪುಟ್ಟ ಕತ್ತರಿಯನ್ನು ಬಿಟ್ಟು ಬಂದಿರಲಿಲ್ಲ, ಅಭ್ಯಾಸಬಲ. ಕನ್ನಡಕ ಏರಿಸಿ, ಹೂವಿನ ಅಂಚಿನಲ್ಲಿ ಮೊದಲ ಹೊಲಿಗೆ ಹುಡುಕಿ ಕತ್ತರಿಸಿದಳು.

ನೇಮತ್ ದಾಪುಗಾಲು ಹಾಕಿ ಬಂದ. "ಓಪಾ, ಬೇಡ. ಏನು ಮಾಡ್ತಿದ್ದೀರಿ ನೀವು?"

"ಇದು ನನ್ನ ನೂಲು, ನೇಮತ್‌ಜಾನ್. ದಾಖಲೆ ಪುಸ್ತಕ ತೆಗೆದು ನೋಡಿ, ದುರಸ್ತಿ ಅಂತ ಬರೆದು ನನ್ನ ರುಜು ಇದೆ. ಹಳೇದೊಂದು ಎಳೆಯನ್ನೂ ನಾನು ಮುಟ್ಟಲ್ಲ."

"ಕಾಗದಕ್ಕೆ ಸಹಿ ಹಾಕಿದ್ದೀರಿ. ನಾನು ಇದನ್ನ ಬರೀಲೇಬೇಕಾಗುತ್ತೆ. ಸೋಮವಾರದಿಂದ ನಿಮ್ಮನ್ನ ಒಳಗೆ ಬಿಡೋಕಾಗಲ್ಲ, ಓಪಾ."

"ಬರೀರಿ. ನನ್ನ ಹೆಸರು ಬರೀರಿ, ಬೇರೆ ಯಾರದ್ದೂ ಬೇಡ." ಅವಳು ತಲೆಯೆತ್ತಲಿಲ್ಲ. ಐದು ತಿಂಗಳು. ಮೂವತ್ತೊಂದು ವರ್ಷದ ಬಾಲದಲ್ಲಿ ಉಳಿದಿದ್ದ ಐದು ತಿಂಗಳು. ಕತ್ತರಿ ಮಾತ್ರ ನಿಲ್ಲಲಿಲ್ಲ.

ಬಿಸಿಲು ಪಡಸಾಲೆಯ ಕಂಬ ದಾಟಿ ಬಟ್ಟೆಯ ಕಡೆಗೆ ಬರುತ್ತಿತ್ತು. ನೇಮತ್ ಅದನ್ನು ನೋಡಿ, ಕಂಬದ ಪಕ್ಕಕ್ಕೆ ಹೋಗಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತ. ಅವನ ನೆರಳು ಸುಜನಿಯ ಮೇಲೆ ಬಿತ್ತು. ಆಮೇಲೆ ಅವನು ಅಲ್ಲಿಂದ ಕದಲಲಿಲ್ಲ.

ನೆರಳಿನಲ್ಲಿ ಮುಕದ್ದಸಳಿಗೆ ಎಳೆ ಕಾಣುತ್ತಿರಲಿಲ್ಲ. ಜಫರ್ ಮದುಮಗನ ಜರಿ ಕೋಟಿನ ಒಳಗಿಂದ ಪುಟ್ಟ ಬ್ಯಾಟರಿ ತೆಗೆದ.

"ಮದುವೆಗೂ ಬ್ಯಾಟರಿ ತಂದಿದ್ದೀಯಾ?" ಅಂದಳು ಶಹ್ಲೋ. ಅಮ್ಮ ನಿಜ ಹೇಳಿದ ಮೇಲೆ ಅವಳು ಆಡಿದ ಮೊದಲ ಮಾಮೂಲಿ ಮಾತು ಅದು.

"ನಿಮ್ಮಮ್ಮ ಕತ್ತರಿ ತಂದಿಲ್ವಾ?" ಅಂದ ಅವನು, ಅತ್ತೆಯ ಪಕ್ಕ ಕೂತು ಬೆಳಕು ಹಿಡಿದ.

ಹನ್ನೊಂದು ದಿನ ಹೊಲಿದದ್ದು ಬಿಚ್ಚಲು ಒಂದೂವರೆ ಗಂಟೆ ಹಿಡಿಯಿತು. ನಲವತ್ತು ನಿಮಿಷ ಯಾವಾಗ ಕಳೆಯಿತೋ ಯಾರೂ ಎಣಿಸಲಿಲ್ಲ. ಹಾಡುವವರು ಹಾಡು ನಿಲ್ಲಿಸಿ ಚಹಾ ಕುಡಿದರು, ಪಲಾವು ಆರಿತು, ಮತ್ತೆ ಬಿಸಿಯಾಯಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು. ಉಲ್ಮಸ್ ಅಜ್ಜಿ ಕೈಗವಸು ಕಿತ್ತಿಟ್ಟು, ತನ್ನ ಮಡಿಲೊಡ್ಡಿ ಬಿಚ್ಚಿದ ದಾಳಿಂಬೆ ಬಣ್ಣದ ನೂಲನ್ನೆಲ್ಲ ಒಂದೆಳೆ ಬಿಡದೆ ಹಾಕಿಕೊಂಡಳು. ತಾನೇ ಬಿಗಿದ ಗಂಟುಗಳನ್ನು ತಾನೇ ಹುಡುಕುವಾಗ ಮುಕದ್ದಸಳಿಗೆ ಆ ಬೇಸಿಗೆಯ ಸೆಖೆ, ಒಳಗಿನಿಂದ ಒದೆಯುತ್ತಿದ್ದ ಕೂಸು ಎಲ್ಲ ನೆನಪಾಯಿತು. ಕುತ್ತಿಗೆ ಕಲ್ಲಾಗಿತ್ತು. ಅಳು ಬಂತು, ಬಟ್ಟೆಯ ಮೇಲೆ ಬೀಳದ ಹಾಗೆ ಪಕ್ಕಕ್ಕೆ ತಿರುಗಿ ಒರೆಸಿಕೊಂಡು ಮತ್ತೆ ಬಗ್ಗಿದಳು.

ಮೊದಲು ಹಳದಿ ಕಾಣಿಸಿತು. ಬೆರಳುದ್ದದ ಗೆರೆ, ಅಜ್ಜಿಯದು. ಆಮೇಲೆ ಅದರ ಪಕ್ಕ ನೀಲಿ. ಸುತ್ತಲಿನ ಬಟ್ಟೆಯೆಲ್ಲ ಕಂದು ತಿರುಗಿದ್ದರೆ ಹೂವಿನ ಅಷ್ಟು ಜಾಗ ಮಾತ್ರ ಬಿಳಿಯಾಗಿ ಉಳಿದಿತ್ತು. ಮಸಿಯಲ್ಲಿ ಬರೆದ ದಳಗಳು ನಿನ್ನೆ ಬರೆದಷ್ಟು ಸ್ಪಷ್ಟವಾಗಿದ್ದವು. ಹೆಂಗಸರಲ್ಲಿ ಯಾರೋ ಪಿಸುಗುಟ್ಟಿ ಪ್ರಾರ್ಥನೆ ಹೇಳಿದರು.

ಶಹ್ಲೋ ಎದ್ದುಹೋಗಿ ಅಮ್ಮನ ಕೆಲಸದ ಕೋಣೆಯಿಂದ ಸೂಜಿ ತಂದಳು, ಹತ್ತೊಂಬತ್ತು ವರ್ಷದಿಂದ ತೆಗೆದಿಟ್ಟಿದ್ದ ಕೆಂಪು ನೂಲು ಪೋಣಿಸಿದ್ದಳು. ಮುಕದ್ದಸ್ ಹಿಂದಕ್ಕೆ ಸರಿದು ಮಗಳಿಗೆ ಜಾಗ ಮಾಡಿಕೊಟ್ಟಳು. ಶಹ್ಲೋ ಸೂಜಿಯನ್ನು ಅಮ್ಮನ ಕೈಗೆ ಹಿಡಿಸಿದಳು.

"ಮೊದಲು ನಿನ್ನದು."

"ನನ್ನದು ಎಂಥದ್ದೇ?"

"ಸುಜನಿ ಇಲ್ಲದೆ ಮದುವೆ ಆದೋಳು ನೀನು. ಅಜ್ಜಿಯ ನೀಲಿ ಆದ ಮೇಲೆ ನಿನ್ನ ಗೆರೆ ಇರಬೇಕಿತ್ತು, ಇಲ್ಲ. ನಿನ್ನದು ಬಿಟ್ಟು ನನ್ನದು ಹೇಗೆ ಹೊಲೀಲಿ?"

ಮುಕದ್ದಸ್ ಸೂಜಿ ಹಿಡಿದು ಹೂವಿನ ಮೇಲೆ ಬಗ್ಗಿದಳು. ಈ ಹೂವನ್ನು ಒಮ್ಮೆ ಪೂರ್ತಿ ಹೊಲಿದಿದ್ದಳು, ದಳ ದಳವೂ ಅವಳದೇ ಆಗಿತ್ತು. ಆದರೂ ತನಗೆ ಅಂತ ಒಂದು ಗೆರೆ ಇದರಲ್ಲಿ ಇಲ್ಲ ಅನ್ನುವುದು ಈ ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ. ಜಫರ್ ಬೆಳಕನ್ನು ಹತ್ತಿರ ತಂದ. ಅವಳು ಸೂಜಿ ಚುಚ್ಚಿ ಎಳೆದಳು. ಬೆರಳುಗಳು ಸೋತುಹೋಗಿದ್ದವು, ಕಣ್ಣು ತುಂಬಿತ್ತು. ತಪಾಸಣೆಯವರ ಕಣ್ಣಿಗೂ ಮಣ್ಣೆರಚಿದ್ದ ಕೈ ಅದು. ಗೆರೆ ಮಾತ್ರ ಸೊಟ್ಟಗೆ ಹೋಯಿತು. ಮಸಿಯ ಗುರುತು ದಾಟಿ ಆಚೆಗೆ ಬಿತ್ತು.

ಅಭ್ಯಾಸದಂತೆ ಅವಳ ಎಡಗೈ ಕತ್ತರಿಗೆ ಹೋಯಿತು. ಉಲ್ಮಸ್ ಅಜ್ಜಿ ಬರಿಗೈಯಲ್ಲಿ ಅವಳ ಮುಂಗೈ ಹಿಡಿದುಕೊಂಡಳು.

"ಇರಲಿ ಬಿಡು, ಬಿಚ್ಚಬೇಡ," ಅಂದಳು. "ಬಿಚ್ಚಿದ್ದು ಸಾಕು. ಸೂಜಿ ಹುಡುಗಿಗೆ ಕೊಡು."

ಮುಕದ್ದಸ್ ಸೂಜಿ ಕೊಟ್ಟಳು.